ಸಹಿ ನಿಮ್ಮದು, ಷರತ್ತು ಯಾರದು?

ಬ್ಯಾಂಕ್ ಲಾಕರ್, ಗುಂಪು ಸಾಲ, ಫ್ಲ್ಯಾಟ್ ಕರಾರು, ಕೊನೆಗೆ ಮೊಬೈಲಿನ 'ಒಪ್ಪಿದ್ದೇನೆ' ಗುಂಡಿ... ಅಚ್ಚಾದ ಫಾರಂಗೆ ಸಹಿ ಹಾಕಿದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಅನ್ಯಾಯದ ಷರತ್ತನ್ನು ಪ್ರಶ್ನಿಸುವ ಹಕ್ಕು ಗೃಹಿಣಿಗೂ ಇದೆ.

"ಇಲ್ಲಿ ಒಂದು, ಇಲ್ಲಿ ಒಂದು, ಹಿಂದಿನ ಪುಟದಲ್ಲಿ ಇನ್ನೊಂದು ಸಹಿ ಮಾಡಿ ಮೇಡಂ." ಈ ಮಾತು ಕೇಳದ ಗೃಹಿಣಿ ಇರಲಿಕ್ಕಿಲ್ಲ. ಲಾಕರ್ ತೆಗೆದುಕೊಳ್ಳುವಾಗ, ಮಗಳನ್ನು ಕೋಚಿಂಗ್‌ಗೆ ಸೇರಿಸುವಾಗ, ಫ್ರಿಜ್ಜನ್ನು ಕಂತಿನ ಮೇಲೆ ತರುವಾಗ, ಗ್ಯಾಸ್ ಸಂಪರ್ಕ ಪಡೆಯುವಾಗ, ಎಲ್ಲ ಕಡೆಯೂ ಇದೇ. ಇರುವೆ ಸಾಲಿನಂಥ ಅಕ್ಷರ, ಅರ್ಥವಾಗದ ಇಂಗ್ಲಿಷು, ಹಿಂದೆ ನಿಂತವರ ಅವಸರ. ಓದುವುದಾದರೂ ಯಾವಾಗ? ಓದಿದರೂ "ಈ ಸಾಲು ತೆಗೆದುಹಾಕಿ" ಎಂದರೆ ಕೌಂಟರಿನಲ್ಲಿ ಕೂತವರು ನಕ್ಕಾರು. "ಎಲ್ಲರಿಗೂ ಇದೇ ಫಾರಂ. ಬೇಕಾದರೆ ಮಾಡಿ, ಇಲ್ಲವಾದರೆ ಬಿಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಒಂದು ಕಡೆಯವರೇ ಬರೆದು, ಅಚ್ಚು ಹಾಕಿಸಿ, ಸಾವಿರಾರು ಜನರ ಮುಂದಿಡುವ ಇಂಥ ಕರಾರನ್ನು ಕಾನೂನು ಬಲ್ಲವರು 'ಸಿದ್ಧ ಮಾದರಿ ಕರಾರು' ಎನ್ನುತ್ತಾರೆ. ಇದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ತರಕಾರಿ ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡುವ ನಾವು ಲಕ್ಷಾಂತರ ರೂಪಾಯಿಯ ಕಾಗದಕ್ಕೆ ತೆಪ್ಪಗೆ ಸಹಿ ಹಾಕಿ ಬರುತ್ತೇವೆ, ಅಲ್ವೇ? ಹಾಗಾದರೆ ಸಹಿ ಹಾಕಿದ ಮೇಲೆ ದಾರಿಯೇ ಇಲ್ಲವೇ? ಇದೆ. ಅದನ್ನು ತಿಳಿಸುವುದಕ್ಕೇ ಈ ಲೇಖನ.

ಕಾಗೋಡಿನ ಕೊಳಗ ನೆನಪಿದೆಯೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಈ ವಿಷಯ ಹೊಸದಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಗೇಣಿಯ ಕಥೆ ಹೇಳುತ್ತಾರೆ. ಭೂಮಿ ಒಡೆಯರದು, ಉಳುವವರು ಗೇಣಿದಾರರು, ಭತ್ತ ಅಳೆದುಕೊಳ್ಳುವ ಕೊಳಗವೂ ಒಡೆಯರದೇ! ಆ ಕೊಳಗ ದೊಡ್ಡದಾಗಿತ್ತು. ಗೇಣಿಯ ಷರತ್ತು ಬರೆಯುವವರೂ ಅಳೆಯುವವರೂ ಒಬ್ಬರೇ ಆದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. "ಒಪ್ಪಿಗೆಯಿಲ್ಲದಿದ್ದರೆ ಗದ್ದೆ ಬಿಡು" ಎಂದರೆ ಗದ್ದೆ ಬಿಟ್ಟು ಹೋಗಲು ಬೇರೆ ಜಾಗ ಎಲ್ಲಿತ್ತು?

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ರೈತರು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಸತ್ಯಾಗ್ರಹಕ್ಕೆ ನಿಂತರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಹೋರಾಟದಲ್ಲಿ ಜೊತೆಯಾಗಿ, 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಹೋದರು. ಕೊನೆಗೆ 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಬ್ಬೊಬ್ಬರೇ ಚೌಕಾಸಿ ಮಾಡಲಾಗದ ಕಡೆ ಕಾನೂನು ನಡುವೆ ಬರಬೇಕು. ಬೇರೆ ಅಂಗಡಿಯೇ ಇಲ್ಲದ ಕಡೆ 'ಒಪ್ಪಿಗೆ' ಎಂಬ ಮಾತಿಗೆ ಅರ್ಥವಿಲ್ಲ. ಇಂದಿನ ಗ್ರಾಹಕ ಕಾನೂನು ಮೊದಲನೆಯದನ್ನೂ ಸ್ಪರ್ಧಾ ಕಾನೂನು ಎರಡನೆಯದನ್ನೂ ನೋಡಿಕೊಳ್ಳುತ್ತವೆ.

ಅನ್ಯಾಯದ ಕರಾರಿಗೆ ಆರು ಗುರುತು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. 'ಅನ್ಯಾಯದ ಕರಾರು' ಎಂದರೆ ಏನೆಂದು ಗ್ರಾಹಕ ಕಾಯ್ದೆಯಲ್ಲಿ ಬರೆದದ್ದು ಇದೇ ಮೊದಲು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದಾದ ಆರು ಗುರುತುಗಳು ಇಲ್ಲಿವೆ:

1. ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಭದ್ರತಾ ಠೇವಣಿ ಕೇಳುವುದು.
2. ಆದ ನಷ್ಟಕ್ಕೂ ಹಾಕುವ ದಂಡಕ್ಕೂ ತಾಳಮೇಳವೇ ಇಲ್ಲದಿರುವುದು.
3. ನಿಯಮದಂತೆ ಕಟ್ಟಬೇಕಾದ ಶುಲ್ಕ ಕಟ್ಟಿ ಸಾಲವನ್ನು ಮೊದಲೇ ತೀರಿಸುತ್ತೇನೆಂದರೂ ಒಪ್ಪದಿರುವುದು.
4. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಅಧಿಕಾರ ಇಟ್ಟುಕೊಳ್ಳುವುದು.
5. ನಿಮ್ಮನ್ನು ಕೇಳದೆ, ನಿಮಗೆ ತೊಂದರೆಯಾಗುವಂತೆ, ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು.
6. ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುವ ಅಸಮಂಜಸ ಶುಲ್ಕ, ಹೊರೆ ಅಥವಾ ಷರತ್ತು ಹೇರುವುದು.

ಇವುಗಳ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಿ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದು ಇದೇ ಕಾಯ್ದೆಯ ಪ್ರಕಾರ 'ನಿರ್ಬಂಧಕ ವ್ಯಾಪಾರ ಪದ್ಧತಿ'. ಗ್ಯಾಸ್ ಸಂಪರ್ಕ ಬೇಕಾದರೆ ಸ್ಟವ್ ಕೂಡ ನಮ್ಮಲ್ಲೇ ತಗೊಳ್ಳಿ ಎಂದರೆ ಒಪ್ಪಬೇಕಾಗಿಲ್ಲ. ಸ್ಟವ್ ಎಲ್ಲಿಂದ ತರಬೇಕೆಂಬುದು ನಿಮ್ಮ ಇಷ್ಟ. 'ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ' ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ ಮಾತ್ರಕ್ಕೆ ಹಾಳಾದ ಮಿಕ್ಸಿಯ ಹೊಣೆಯಿಂದ ಅಂಗಡಿಯವರು ಪಾರಾಗುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ.

ಲಾಕರ್‌ನಲ್ಲಿ ಬಂಗಾರ, ಕರಾರಿನಲ್ಲಿ ಏನು?

ಮಾರಿಕಾಂಬಾ ಜಾತ್ರೆಗೋ ಮದುವೆಗೋ ಅವಲಕ್ಕಿ ಸರ, ಬಳೆ ಹೊರಗೆ ತೆಗೆದು ಮತ್ತೆ ಲಾಕರ್‌ಗೆ ಇಟ್ಟು ಬಂದಿರುತ್ತೀರಿ. ಲಾಕರ್ ಕರಾರಿನಲ್ಲಿ ಹಿಂದೆ ಒಂದು ಸಾಲು ಇರುತ್ತಿತ್ತು: ಒಳಗಿರುವ ವಸ್ತುಗಳಿಗೆ ಬ್ಯಾಂಕ್ ಹೊಣೆಯಲ್ಲ.

ಕೋಲ್ಕತ್ತದ ಗ್ರಾಹಕರೊಬ್ಬರ ಲಾಕರನ್ನು ಬಾಡಿಗೆ ಬಾಕಿಯ ನೆಪದಲ್ಲಿ ಬ್ಯಾಂಕ್ ಒಡೆದಿತ್ತು. ಬಾಕಿ ಮೊದಲೇ ತೀರಿತ್ತು. ಏಳು ಒಡವೆಗಳಲ್ಲಿ ವಾಪಸ್ ಬಂದದ್ದು ಎರಡೇ ಎಂಬುದು ಗ್ರಾಹಕರ ದೂರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ಕಟುವಾಗಿಯೇ ಮಾತಾಡಿ, ಬ್ಯಾಂಕುಗಳು ಏಕಪಕ್ಷೀಯ ಷರತ್ತು ಹಾಕಿ ಕೈತೊಳೆದುಕೊಳ್ಳುವಂತಿಲ್ಲ ಎಂದಿತು. ಗ್ರಾಹಕರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆರು ತಿಂಗಳೊಳಗೆ ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೆ ಹೇಳಿತು.

ಆ ನಿಯಮ 2021ರ ಆಗಸ್ಟ್‌ನಲ್ಲಿ ಬಂತು. ಲಾಕರ್ ಕರಾರಿನಲ್ಲಿ ಅನ್ಯಾಯದ ಷರತ್ತು ಇರಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. 2023ರಲ್ಲಿ ಛಾಪಾ ಕಾಗದ ಹಿಡಿದು ಹೊಸ ಕರಾರಿಗೆ ಸಹಿ ಹಾಕಲು ಬ್ಯಾಂಕಿಗೆ ಓಡಾಡಿದ್ದು ನೆನಪಿರಬಹುದು. ಅದು ಇದಕ್ಕೇ. ಹೊಸ ನಿಯಮದ ಮುಖ್ಯ ಅಂಶಗಳು:

• ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕ್ ನೌಕರರ ವಂಚನೆಯಿಂದ ನಷ್ಟವಾದರೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಬಾಡಿಗೆ 2,000 ರೂಪಾಯಿಯಾದರೆ 2 ಲಕ್ಷ ರೂಪಾಯಿ. ಇಂದಿನ ಬಂಗಾರದ ಬೆಲೆಗೆ ಇದು ಏನೇನೂ ಸಾಲದು ಎಂಬುದನ್ನೂ ನೆನಪಿಡಿ. ಪ್ರವಾಹ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪಕ್ಕೆ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಹೊಣೆ ಇಲ್ಲ.
• ಲಾಕರ್ ಬೇಕಾದರೆ ಭಾರಿ ಠೇವಣಿ ಇಡಿ ಎನ್ನುವಂತಿಲ್ಲ. ಮೂರು ವರ್ಷದ ಬಾಡಿಗೆ ಮತ್ತು ಲಾಕರ್ ಒಡೆಯುವ ಖರ್ಚಿಗೆ ಸಾಲುವಷ್ಟು ಠೇವಣಿ ಮಾತ್ರ ಕೇಳಬಹುದು. ಈಗಾಗಲೇ ಲಾಕರ್ ಇರುವವರಿಂದ ಅದನ್ನೂ ಒತ್ತಾಯಿಸುವಂತಿಲ್ಲ.
• ಎರಡೂ ಕಡೆಯವರು ಸಹಿ ಹಾಕಿದ ಕರಾರಿನ ಪ್ರತಿ ನಿಮಗೆ ಸಿಗಬೇಕು. ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ.

ಗುಂಪು ಸಾಲದ ಫಾರಂ

ಇನ್ನೂ ಎಚ್ಚರ ಬೇಕಾಗಿರುವುದು ಮೈಕ್ರೋ ಫೈನಾನ್ಸ್ ಸಾಲದಲ್ಲಿ. ಹೊಲಿಗೆ ಮೆಷಿನ್‌ಗೋ ಮಗನ ಫೀಸಿಗೋ ನೀವೇ ತೆಗೆದುಕೊಂಡಿರಬಹುದು. ಅಥವಾ ಮನೆಗೆಲಸಕ್ಕೆ ಬರುವ ಸೀತಕ್ಕನೋ ಗೌರಕ್ಕನೋ ವಾರದ ಕಂತು ಎಂದು ಕಣ್ಣೀರಿಡುವುದನ್ನು ನೋಡಿರಬಹುದು. ವಸೂಲಿಗಾರರ ಕಿರುಕುಳ ತಾಳಲಾರದೆ ರಾಜ್ಯದ ಹಲವೆಡೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿ 12ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮುಂದೆ ಅದೇ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದರಲ್ಲಿದೆ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳಿಗೆ 2022ರಿಂದಲೇ ನಿಯಮಗಳಿವೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲಕ್ಕೆ ಇವು ಅನ್ವಯ. ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಪ್ಪಿದರೆ ದಂಡ ತಪ್ಪಿದ ಮೊತ್ತಕ್ಕೆ ಮಾತ್ರ. 40,000 ರೂಪಾಯಿ ಸಾಲದಲ್ಲಿ 2,000ದ ಕಂತು ತಪ್ಪಿತು ಅಂದುಕೊಳ್ಳಿ, ದಂಡದ ಲೆಕ್ಕ 2,000ಕ್ಕೆ, ಇಡೀ ಸಾಲಕ್ಕೆ ಅಲ್ಲ. ಬಡ್ಡಿ, ಶುಲ್ಕ ಎಲ್ಲ ಬರೆದ ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಾಲದ ಜೊತೆ ವಿಮೆಯನ್ನೋ ಇನ್ನೇನನ್ನೋ ನಿಮ್ಮ ಒಪ್ಪಿಗೆಯಿಲ್ಲದೆ ಗಂಟುಹಾಕುವಂತಿಲ್ಲ. ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನೆಂಟರಿಷ್ಟರನ್ನು, ಅಕ್ಕಪಕ್ಕದವರನ್ನು ಪೀಡಿಸುವಂತಿಲ್ಲ. ಫಾರಂನಲ್ಲಿ ಇದಕ್ಕೆ ವಿರುದ್ಧವಾಗಿ ಏನೇ ಅಚ್ಚಾಗಿದ್ದರೂ ನಿಯಮವೇ ಮೇಲು.

ಬಿಲ್ಡರ್‌ಗೆ ಒಂದು ಅಳತೆ, ನಿಮಗೊಂದು

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಡಿಕೆ ಮಾರಿದ ದುಡ್ಡು ಮಗನ ಹೆಸರಿನಲ್ಲಿ ಬೆಂಗಳೂರಿನ ಫ್ಲ್ಯಾಟ್ ಆಗುತ್ತದೆ. ಫ್ಲ್ಯಾಟ್ ಕರಾರಿನ ಬಗ್ಗೆ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ತಿಳಿದಿರಿ. ಕೊಳ್ಳುವವರು ಕಂತು ತಡಮಾಡಿದರೆ ಶೇ 18 ಬಡ್ಡಿ, ಬಿಲ್ಡರ್ ಹಣ ವಾಪಸ್ ಕೊಡಬೇಕಾಗಿ ಬಂದರೆ ಶೇ 9 ಎಂದು ಕರಾರು ಹೇಳುತ್ತಿತ್ತು. ಕೊಡುವಾಗ ಸಣ್ಣ ಕೊಳಗ, ಪಡೆಯುವಾಗ ದೊಡ್ಡ ಕೊಳಗ! ಇಂಥ ಏಕಪಕ್ಷೀಯ ಷರತ್ತು ಅನುಚಿತ ವ್ಯಾಪಾರ ಪದ್ಧತಿ, ಚುಕ್ಕಿ ಗೆರೆಯ ಮೇಲೆ ಸಹಿ ಹಾಕದೆ ಬೇರೆ ದಾರಿಯಿಲ್ಲದ ಕೊಳ್ಳುಗರನ್ನು ಅದು ಕಟ್ಟಿಹಾಕದು ಎಂದು ಕೋರ್ಟ್ ಹೇಳಿತು. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ ಎರಡೂ ಕಡೆಗೆ ಒಂದೇ ಬಡ್ಡಿದರ ಎನ್ನುತ್ತದೆ. ನೋಂದಾಯಿತ ಕರಾರು ಆಗುವ ಮುನ್ನ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವುದನ್ನೂ ತಡೆಯುತ್ತದೆ.

ಬೇರೆ ಅಂಗಡಿಯೇ ಇಲ್ಲದಿದ್ದರೆ?

"ಷರತ್ತು ಇಷ್ಟವಿಲ್ಲದಿದ್ದರೆ ಬೇರೆ ಕಡೆ ಹೋಗಿ" ಎನ್ನುವುದು ಸುಲಭ. ಹೋಗಲು ಬೇರೆ ಕಡೆ ಇರಬೇಕಲ್ಲ! 2002ರ ಸ್ಪರ್ಧಾ ಕಾಯ್ದೆಯ ಕೆಲಸ ಇಲ್ಲಿಂದ ಶುರು. ಮಾರುಕಟ್ಟೆಯಲ್ಲಿ ದೊಡ್ಡಣ್ಣನ ಸ್ಥಾನದಲ್ಲಿರುವವರು ಅನ್ಯಾಯದ ಷರತ್ತು ಹೇರಿದರೆ ಅದು 'ಪ್ರಾಬಲ್ಯದ ದುರ್ಬಳಕೆ'. 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗುರುಗ್ರಾಮದ ಫ್ಲ್ಯಾಟ್ ಕರಾರಿನ ಷರತ್ತುಗಳಿಗಾಗಿ ಡಿಎಲ್‌ಎಫ್ ಕಂಪನಿಗೆ 630 ಕೋಟಿ ರೂಪಾಯಿ ದಂಡ ಹಾಕಿತು. 2014ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ವ್ಯಾಜ್ಯ ಸುಪ್ರೀಂ ಕೋರ್ಟ್‌ಗೆ ಹೋಯಿತು.

ನಿಮ್ಮ ಕೈಯಲ್ಲಿರುವ ವಾಟ್ಸ್ಆ್ಯಪ್ ಕೂಡ ಇದೇ ಸಾಲಿನದು. 2021ರಲ್ಲಿ 'ಹೊಸ ನೀತಿ ಒಪ್ಪಿ' ಎಂದು ಪರದೆಯ ಮೇಲೆ ಬಂದ ಸೂಚನೆ ನೆನಪಿದೆಯೇ? ನೆಂಟರು, ಶಾಲೆಯ ಗುಂಪು, ಸ್ತ್ರೀಶಕ್ತಿ ಸಂಘ ಎಲ್ಲವೂ ಅದರಲ್ಲೇ ಇರುವಾಗ ಬಿಟ್ಟು ಹೋಗುವುದೆಲ್ಲಿಗೆ? ಒಪ್ಪಿ ಇಲ್ಲವೇ ಬಿಡಿ ಎಂಬ ಈ ಷರತ್ತಿಗೆ ಆಯೋಗ 2024ರ ನವೆಂಬರ್‌ನಲ್ಲಿ ಮಾತೃಸಂಸ್ಥೆ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಐದು ವರ್ಷದ ಮಾಹಿತಿ ಹಂಚಿಕೆ ನಿಷೇಧವನ್ನು ತೆಗೆದರೂ ದಂಡವನ್ನು ಉಳಿಸಿತು.

ನಮ್ಮ ಕನ್ನಡದ್ದೇ ಉದಾಹರಣೆ ಬೇಕೇ? ಬೇರೆ ಭಾಷೆಯ ಕಾರ್ಯಕ್ರಮ, ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಚಿತ್ರರಂಗದಲ್ಲಿ ದಶಕಗಳ ಕಾಲ ಅಡ್ಡಿ ಇತ್ತು. ಸರ್ಕಾರದ ಕಾನೂನೇನೂ ಅದಕ್ಕಿರಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಈ ಅಡ್ಡಿ ಸ್ಪರ್ಧೆಗೆ ವಿರುದ್ಧ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಡಬ್ಬಿಂಗ್ ಬೇಕೋ ಬೇಡವೋ ಎಂಬ ವಾದ ಇಂದಿಗೂ ಇದೆ. ಆದರೆ 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮಂದಿಯೆಲ್ಲ ಕೂತು 'ಮಹಾಭಾರತ'ವನ್ನು ಕನ್ನಡದಲ್ಲಿ ನೋಡಲು ದಾರಿಯಾದದ್ದರ ಹಿಂದೆ ಗ್ರಾಹಕರ ಒಂದು ದೂರೂ ಇತ್ತು.

ಪರದೇಶಗಳಲ್ಲಿ ಹೇಗೆ?

ಇಸ್ರೇಲ್ ಇಂಥ ಕರಾರುಗಳಿಗೆಂದೇ 1964ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಜರ್ಮನಿ 1976ರಲ್ಲಿ, ಬ್ರಿಟನ್ 1977ರಲ್ಲಿ, ಯೂರೋಪಿನ ಒಕ್ಕೂಟ 1993ರಲ್ಲಿ ಮಾಡಿದವು. ನಮ್ಮಲ್ಲಿ ಕಾನೂನು ಆಯೋಗ 1984ರಲ್ಲೇ ಹೇಳಿತ್ತು, 2006ರಲ್ಲಿ ಮತ್ತೆ ಹೇಳಿತು. ಕಾಯ್ದೆ ಜಾರಿಯಾಗಲು 2020 ಬರಬೇಕಾಯಿತು. ಅಲ್ಲಿಯವರೆಗೆ 1872ರ ಕರಾರು ಕಾಯ್ದೆಯನ್ನೇ ಹಿಗ್ಗಿಸಿ ಕೋರ್ಟುಗಳು ನ್ಯಾಯ ಕೊಡಿಸುತ್ತಿದ್ದವು.

ಜರ್ಮನಿಯಲ್ಲಿ ಯಾರೂ ನಿರೀಕ್ಷಿಸದ ಮೂಲೆಯಲ್ಲಿ ಅಡಗಿಸಿಟ್ಟ ಅಚ್ಚರಿಯ ಷರತ್ತು ಕರಾರಿನ ಭಾಗವೇ ಆಗುವುದಿಲ್ಲ. ನೀವು ಸಹಿ ಹಾಕಿದ್ದರೂ ಸರಿ. ಗ್ರಾಹಕ ಸಂಘಗಳೇ ಕೋರ್ಟಿಗೆ ಹೋಗಿ ಅಂಥ ಷರತ್ತಿನ ಬಳಕೆ ನಿಲ್ಲಿಸಬಹುದು. ಯೂರೋಪಿನ ನಿಯಮದಲ್ಲಿ ಷರತ್ತಿನ ಅರ್ಥ ಗೊಂದಲವಾಗಿದ್ದರೆ ಗ್ರಾಹಕರಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು. 2013ರಲ್ಲಿ ಸ್ಪೇನಿನ ಮನೆಸಾಲದ ಪ್ರಕರಣವೊಂದು ಯೂರೋಪಿನ ನ್ಯಾಯಾಲಯಕ್ಕೆ ಹೋಯಿತು. ಸಾಲದ ಷರತ್ತು ಅನ್ಯಾಯವೇ ಎಂದು ನೋಡುವ ಮುನ್ನವೇ ಮನೆ ಜಪ್ತಿ ಮುಗಿದುಹೋಗುವ ಪದ್ಧತಿ ಸರಿಯಲ್ಲ ಎಂದು ತೀರ್ಪಾಯಿತು. ಎರಡೇ ತಿಂಗಳಲ್ಲಿ ಸ್ಪೇನ್ ಕಾನೂನು ತಿದ್ದಿತು. ಬ್ರಿಟನ್ನಿನಲ್ಲಿ 2011ರಲ್ಲಿ ಜಿಮ್ ಸದಸ್ಯತ್ವದ ಸರದಿ. ವರ್ಷಕ್ಕಿಂತ ಹೆಚ್ಚು ಕಾಲ ಸದಸ್ಯರನ್ನು ಕಟ್ಟಿಹಾಕುತ್ತಿದ್ದ ಕರಾರುಗಳನ್ನು ಹೈಕೋರ್ಟ್ ಅನ್ಯಾಯ ಎಂದಿತು. ಉತ್ಸಾಹದಲ್ಲಿ ಜಿಮ್ ಸೇರಿ ಎರಡೇ ತಿಂಗಳಿಗೆ ಬಿಡುವುದು ನಮ್ಮಲ್ಲಿ ಮಾತ್ರ ಅಲ್ಲ, ನೋಡಿ!

ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ. 2023ರ ನವೆಂಬರ್‌ನಿಂದ ಅಲ್ಲಿ ಅನ್ಯಾಯದ ಷರತ್ತನ್ನು ಫಾರಂನಲ್ಲಿ ಇಡುವುದೇ ಅಪರಾಧದಂತೆ. ಕಂಪನಿಗೆ 5 ಕೋಟಿ ಆಸ್ಟ್ರೇಲಿಯನ್ ಡಾಲರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ದಂಡ ಬೀಳಬಹುದು. ಸಣ್ಣ ವ್ಯಾಪಾರಿಗಳಿಗೂ ಈ ರಕ್ಷಣೆ ಇದೆ.

ನಮ್ಮ ಕಾಯ್ದೆಯ ಕೊರತೆ ಇಲ್ಲೇ ಕಾಣುತ್ತದೆ. ಅನ್ಯಾಯದ ಷರತ್ತನ್ನು ರದ್ದು ಮಾಡುವ ಅಧಿಕಾರ ಬೆಂಗಳೂರಿನ ರಾಜ್ಯ ಆಯೋಗಕ್ಕೂ ದೆಹಲಿಯ ರಾಷ್ಟ್ರೀಯ ಆಯೋಗಕ್ಕೂ ಇದೆ. ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಕಾಯ್ದೆ ಅದನ್ನು ಕೊಟ್ಟಿಲ್ಲ. ಹೊಸನಗರದ ಮಹಿಳೆಯೊಬ್ಬರು ಐದು ಸಾವಿರ ರೂಪಾಯಿಯ ಷರತ್ತಿಗಾಗಿ ರಾಜ್ಯ ಆಯೋಗದ ಮುಂದೆ ಹೋಗುತ್ತಾರೆಯೇ? ಈ ಅಧಿಕಾರ ಜಿಲ್ಲೆಗೂ ಬರಬೇಕು. ಹಾಗೆಂದು ಸುಮ್ಮನೆ ಕೂರಬೇಡಿ. ಸೇವೆಯಲ್ಲಿ ಕೊರತೆ, ಅನುಚಿತ ವ್ಯಾಪಾರ, ಒಂದರ ಜೊತೆ ಇನ್ನೊಂದನ್ನು ಗಂಟುಹಾಕುವುದು ಇವೆಲ್ಲವನ್ನೂ ಜಿಲ್ಲಾ ಆಯೋಗ ವಿಚಾರಿಸುತ್ತದೆ. ನಿಮ್ಮ ಹಣ ಹೋಗಿದ್ದರೆ ದೂರನ್ನು ಈ ದಾರಿಯಲ್ಲಿ ಕೊಡಬಹುದು.

ನೀವು ಮಾಡಬೇಕಾದದ್ದು

• ಸಹಿಗೆ ಮುನ್ನ ಫಾರಂ ಮನೆಗೆ ತಂದು ಓದಿ. ಕೊಡಲ್ಲ ಎಂದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ಠೇವಣಿ, ದಂಡ, ರದ್ದತಿ, ಹಣ ವಾಪಸಾತಿ ಈ ನಾಲ್ಕು ಸಾಲುಗಳನ್ನಾದರೂ ಹುಡುಕಿ ಓದಿ.

• ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಬೇಡ. ಪ್ರತಿ ಕೇಳಿ ಪಡೆಯಿರಿ, ಕೊನೇಪಕ್ಷ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

• ತಕರಾರು ಇದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ.

• ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ.

• ಉಳಿದದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮರೆಯಬೇಡಿ.

• ವಕೀಲರ ಫೀಸಿನ ಚಿಂತೆಯೇ? ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮೂರಿನ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

• ಸ್ಪರ್ಧಾ ಆಯೋಗ ನಿಮ್ಮೊಬ್ಬರ ಹಣ ವಾಪಸ್ ಕೊಡಿಸುವ ಜಾಗವಲ್ಲ, ಅದರ ಶುಲ್ಕವೂ ಹೆಚ್ಚು. ಊರಿಗೆಲ್ಲ ಆಗುವ ತೊಂದರೆಗೆ ಗ್ರಾಹಕರ ಕೂಟದಂತೆ ಗುಂಪಾಗಿ ಹೋಗುವುದು ಮೇಲು.

ನಿಮ್ಮ ಮಹಿಳಾ ಮಂಡಳದ ಮುಂದಿನ ಸಭೆಗೆ ಎಲ್ಲರೂ ತಮ್ಮ ಮನೆಯ ಒಂದೊಂದು ಕರಾರಿನ ಪ್ರತಿ ತನ್ನಿ. ಕುಂಕುಮ ಕೊಟ್ಟಾದ ಮೇಲೆ ಅರ್ಧ ಗಂಟೆ ಕೂತು ಆ ಆರು ಗುರುತುಗಳನ್ನು ಹುಡುಕಿ. ಒಬ್ಬರ ಕಣ್ಣಿಗೆ ಬೀಳದ ಸಾಲು ಇನ್ನೊಬ್ಬರ ಕಣ್ಣಿಗೆ ಬಿದ್ದೀತು.